ಸವಳು ನೀರಿನ ರಾಮೆನ್

ರಾಮೆನ್ ಹುಡುಕುವ ಹುಚ್ಚು ಹಚ್ಚಿದವಳು ಐಶ್ವರ್ಯ. ಅದರ ಹಿಂದೆ ಬಿದ್ದು ಮೂರು ಊರಿನ ಬಸ್ಸುಗಳ ಧೂಳು ಕುಡಿದವರು ಮಾತ್ರ ನಾವಿಬ್ಬರೂ.

ನಾವು ಕಲ್ಮಲದ ಪ್ರೌಢಶಾಲೆಯ ಟೀಚರುಗಳು. ಅವಳು ಇಂಗ್ಲಿಷು, ನಾನು ವಿಜ್ಞಾನ. ಆರು ವರ್ಷಗಳಿಂದ ರಾಯಚೂರಿನಲ್ಲಿ ಒಂದೇ ಬಸ್ಸು ಹತ್ತಿ, ಒಂದೇ ಸೀಟಿನಲ್ಲಿ ಕೂತು, ಸಂಜೆ ಒಂದೇ ಬಸ್ಸಿಗೆ ವಾಪಸಾಗುತ್ತೇವೆ. ದಾರಿಯಲ್ಲಿ ಅವಳ ಫೋನಿನಲ್ಲಿ ಜಪಾನೀ ಧಾರಾವಾಹಿ ನೋಡುವುದು ರೂಢಿ. ಒಂದು ಇಯರ್‌ಫೋನು ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಆ ಧಾರಾವಾಹಿಯ ಜನಕ್ಕೆ ನೌಕರಿ ಹೋದರೂ ರಾಮೆನ್, ಹುಡುಗಿ ಕೈಕೊಟ್ಟರೂ ರಾಮೆನ್. ಸಣ್ಣ ಬೋಗುಣಿಯಷ್ಟು ದೊಡ್ಡ ಬಟ್ಟಲು, ಹಬೆಯಾಡುವ ಸಾರು, ಅದರಲ್ಲಿ ಶಾವಿಗೆಯಂಥ ಎಳೆ. ಎರಡು ಕಡ್ಡಿಯಲ್ಲಿ ಎತ್ತಿ ಸೊರ್ ಎಂದು ಎಳೆದುಕೊಳ್ಳುವುದು.

"ಒಮ್ಮಿ ಖರೇ ರಾಮೆನ್ ತಿನ್ನಬೇಕು ನೋಡು, ಮೌನಿ," ಎಂದಳು ಒಂದು ದಿನ. "ನಮ್ಮ ಜಿಲ್ಲಾದಾಗ ಛಲೋ ರಾಮೆನ್ ಎಲ್ಲಿ ಸಿಗ್ತದ, ಹುಡುಕೇ ಬಿಡೂಣು."

ನನಗೆ ತಿನ್ನುವುದಕ್ಕಿಂತ ಬೇರೆಯದೇ ಚಿಂತೆ. ಅಷ್ಟೆತ್ತರ ಎತ್ತಿದರೂ ಆ ಎಳೆ ತುಂಡಾಗುವುದಿಲ್ಲ, ಯಾಕೆ? ಹುಡುಕಿ ಓದಿದೆ. ಹಿಟ್ಟನ್ನು ಕ್ಷಾರದ ನೀರಿನಲ್ಲಿ ನಾದುತ್ತಾರಂತೆ. ಕ್ಷಾರ ಬಿದ್ದರೆ ಎಳೆ ಹಳದಿಯಾಗುತ್ತದೆ, ಜಗ್ಗಿದರೆ ಜಗ್ಗುತ್ತದೆ, ಬಿಸಿ ಸಾರಿನಲ್ಲೂ ಕರಗುವುದಿಲ್ಲ. ಕ್ಷಾರ ಎಂದರೆ ನನ್ನ ಸೀಮೆ. ಏಳನೇ ತರಗತಿ ಹುಡುಗರಿಂದ ಪ್ರತಿವರ್ಷ ಅರಿಶಿನದ ಪಟ್ಟಿ ಮಾಡಿಸುತ್ತೇನೆ. ಕಾಗದವನ್ನು ಅರಿಶಿನ ನೀರಿನಲ್ಲಿ ಅದ್ದಿ ಒಣಗಿಸುವುದು, ಅಷ್ಟೇ. ಸಾಬೂನು ನೀರು ತಾಗಿದರೆ ಕೆಂಪಾಗುತ್ತದೆ, ಹುಣಸೆ ನೀರು ತಾಗಿದರೆ ಹಳದಿಯಾಗಿಯೇ ಇರುತ್ತದೆ. ಅಂಥ ಹತ್ತು ಪಟ್ಟಿ ಪರ್ಸಿಗೆ ಹಾಕಿಕೊಂಡೆ. ಯಾವ ಹೋಟೆಲಿನವನು ಏನೇ ಬೋರ್ಡು ಬರೆಸಿಕೊಳ್ಳಲಿ, ಪಟ್ಟಿ ಸುಳ್ಳು ಹೇಳುವುದಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಬರೀ ತಿಂಡಿಪೋತಿ ಎಂದುಕೊಂಡೀರಿ. ಈ ಹುಡುಕಾಟಕ್ಕೆ ನಾನು ಹೂಂಗುಟ್ಟಿದ್ದು ಐಶ್ವರ್ಯಳ ಜೊತೆ ಕೂತು ಉಣ್ಣುವ ಆಸೆಗೆ. ಅವಳದು ಶರಣರ ಮನೆತನ, ಅಪ್ಪನದು ಅಕ್ಕಿ ಗಿರಣಿ. ನಾನು ರಾಯಚೂರಿನಲ್ಲಿ ಕೋಣೆ ಹಿಡಿದು ಇರುವವಳು, ಊರು ಮಸರಕಲ್ಲು; ಅಲ್ಲಿನ ನಮ್ಮ ಕೇರಿಯಲ್ಲಿ ಎಂ.ಎಸ್ಸಿ. ಓದಿದ ಮೊದಲನೆಯವಳು. ಅವಳ ಮನೆಗೆ ಹೋದಾಗ ನನಗೆ ಉಪಚಾರಕ್ಕೇನೂ ಕಡಿಮೆಯಿಲ್ಲ. ರೊಟ್ಟಿ, ಪುಂಡಿಪಲ್ಯ, ಮೊಸರು, ಸಾಕೆಂದರೂ ಹಾಕುತ್ತಾರೆ. ಅವಳೂ ಮಸರಕಲ್ಲಿನ ನಮ್ಮ ಮನೆಗೆ ನಾಲ್ಕು ಸಲ ಬಂದಿದ್ದಾಳೆ. ಒಂದು ಸಲವೂ ಉಂಡಿಲ್ಲ. ಒಮ್ಮೆ ಸೋಮವಾರ, ಒಮ್ಮೆ ಶ್ರಾವಣ, ಒಮ್ಮೆ ಹೊಟ್ಟೆ ತುಂಬಿತ್ತು, ಒಮ್ಮೆ ಬಸ್ಸಿಗೆ ತಡವಾಗಿತ್ತು. ಉಂಡು ಹೋಗು ಎಂದು ನಾನೂ ಬಾಯಿಬಿಟ್ಟು ಕೇಳಿಲ್ಲ. ಕೇಳಿ ಅವಳು ಬೇಡ ಅಂದುಬಿಟ್ಟರೆ ಮಾರನೇ ದಿನದಿಂದ ಆ ಬಸ್ಸಿನ ಸೀಟಿನಲ್ಲಿ ಹೇಗೆ ಕೂರುವುದು? ಆರು ವರ್ಷದ ಗೆಳತಿಯನ್ನು ಒಂದು ತುತ್ತಿಗೆ ಕಳೆದುಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಹೋಟೆಲಿಗೆ ಜಾತಿ ಇಲ್ಲವಲ್ಲ. ಅಲ್ಲಿ ಕೂತು ಉಂಡರಾಯಿತು.

ಮೊದಲನೇ ಭಾನುವಾರ ರಾಯಚೂರಿನದೇ ಒಂದು ಹೊಸ ಕೆಫೆ. ಮೇಲಂತಸ್ತು, ಗೋಡೆಗೆ ಪ್ಲಾಸ್ಟಿಕ್ಕಿನ ಗುಲಾಬಿ ಹೂವಿನ ಟೊಂಗೆ, ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ವೆಜ್ ರಾಮೆನ್ ಬಂತು. ಅಂಗಡಿಯಲ್ಲಿ ಸಿಗುವ ಪಾಕೀಟಿನ ನೂಡಲ್ಸನ್ನು ನೀರುನೀರಾಗಿ ಕುದಿಸಿ, ಮೇಲೆ ಗೋವಿನಜೋಳದ ಕಾಳು ಉದುರಿಸಿ, ಹೂವಿನಂತೆ ಕತ್ತರಿಸಿದ ಒಂದು ಗಜ್ಜರಿ ತೇಲಿಬಿಟ್ಟಿದ್ದರು. ನಾನು ಎಳೆಯೊಂದನ್ನು ಎತ್ತಿ ತಟ್ಟೆಯ ಅಂಚಿಗಿಟ್ಟು ಅದರ ಮೇಲೆ ಪಟ್ಟಿ ಒತ್ತಿದೆ. ತುಸು ಕೇಸರಿ ಬಣ್ಣಕ್ಕೆ ತಿರುಗಿತು. ಪಾಕೀಟಿನ ನೂಡಲ್ಸಿಗೂ ಒಂದಿಷ್ಟು ಕ್ಷಾರ ಹಾಕಿರುತ್ತಾರೆ, ಸುಳ್ಳು ಹೇಳಬಾರದು.

"ಐದಕ್ಕ ಎರಡು," ಎಂದೆ.

ಇದನ್ನು ದೂರದಿಂದ ನೋಡುತ್ತಿದ್ದ ಮ್ಯಾನೇಜರನಿಗೆ ನಾನು ಆಹಾರ ಇಲಾಖೆಯವಳೆಂಬ ಅನುಮಾನ ಬಂತು. ಓಡೋಡಿ ಬಂದು, "ಮೇಡಮ್ಮಾರೆ, ಏನರ ತಪ್ಪಾಗ್ಯಾದೇನ್ರಿ?" ಎಂದು ಕೇಳಿ, ನಾವು ಹೇಳದಿದ್ದರೂ ಎರಡು ಲಿಂಬೂ ಸೋಡಾ ತಂದಿಟ್ಟ. ಐಶ್ವರ್ಯ ನಗು ತಡೆಯಲಾರದೆ ಕರವಸ್ತ್ರ ಬಾಯಿಗೆ ತುರುಕಿಕೊಂಡಳು.

ಎರಡನೇ ಭಾನುವಾರ ದೇವದುರ್ಗ. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿನ ಬಂಡಿಯಲ್ಲಿ ರಾಮೆನ್ ಸಿಗುತ್ತದೆಂದು ಹತ್ತನೇ ತರಗತಿಯ ಭಾಗ್ಯಜ್ಯೋತಿ ಆಣೆ ಮಾಡಿ ಹೇಳಿದ್ದಳು. ಸಿಗುತ್ತಿತ್ತು, ನಿಜ. ಬಂಡಿಯವನು ಬಾಣಲೆಯಲ್ಲಿ ನೂಡಲ್ಸು, ಗೋಬಿ, ಕೆಂಪು ಸಾಸು, ಕಪ್ಪು ಸಾಸು, ವಿನೆಗರು ಎಲ್ಲವನ್ನೂ ಧಗಧಗ ಉರಿಯಲ್ಲಿ ಕುಣಿಸಿ, ಕೊನೆಗೆ ಒಂದು ಚರಿಗೆ ಬಿಸಿನೀರು ಹೊಯ್ದ. "ತಗೋರಿ ರಾಮೆನ್!" ನನ್ನ ಪಟ್ಟಿ ಹಳದಿಯಾಗಿಯೇ ಉಳಿಯಿತು. ವಿನೆಗರಿನ ಎದುರು ಯಾವ ಕ್ಷಾರದ ಆಟ ನಡೆದೀತು? ಐದಕ್ಕೆ ಸೊನ್ನೆ. ಆದರೆ ನಾಲಗೆಗೆ ಮಜವಾಗಿತ್ತು. ಐಶ್ವರ್ಯ ಎರಡು ಪ್ಲೇಟು ತಿಂದಳು, ನಾನು ಒಂದೂವರೆ.

ವಾಪಸು ಬರುವಾಗ ಬಸ್ಸು ಮಸರಕಲ್ಲಿನಲ್ಲಿ ನಿಂತಿತು. ಕಂಡಕ್ಟರ್ ಚಹಾಕ್ಕೆ ಇಳಿದ. ಕಿಟಕಿಯಿಂದ ನಮ್ಮ ಕೇರಿಯ ನೀರಿನ ಟಾಕಿ ಕಾಣುತ್ತದೆ, ಅದರ ಪಕ್ಕದಲ್ಲೇ ನಮ್ಮ ಮನೆ.

"ಇಳಿಯೂಣೇನ?" ಎಂದಳು ಐಶ್ವರ್ಯ.

ನಾನು ಇಳಿಯಲು ಸಜ್ಜಾದೆ. ಚೀಲಕ್ಕೆ ಕೈಹಾಕಿದೆ. ಅಷ್ಟರಲ್ಲಿ ಅವಳು ಗಡಿಯಾರ ನೋಡಿಕೊಂಡು, "ಬ್ಯಾಡ ಬಿಡು, ತಡಾ ಆಗ್ತದ," ಎಂದಳು. ಮೂರೂವರೆ ಗಂಟೆ. ಭಾನುವಾರದ ಮೂರೂವರೆಗೆ ಯಾರಿಗೆ ಏನು ತಡ? ಕಲ್ಮಲ ದಾಟುವವರೆಗೆ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ.

ಮೂರನೇ ಭಾನುವಾರ ಮಾನ್ವಿ. ಅಲ್ಲಿ ಬುರ್ಹಾನುದ್ದೀನ್ ಎಂಬವರ ಸಣ್ಣ ಹೋಟೆಲು. ಆರು ಬೆಂಚು, ಬಾಗಿಲಿಗೆ ಮಣಿಯ ಪರದೆ. ಅವರು ದುಬೈಯಲ್ಲಿ ಒಂದು ಜಪಾನೀ ಹೋಟೆಲಿನ ಅಡುಗೆಮನೆಯಲ್ಲಿ ಎಂಟು ವರ್ಷ ಪಾತ್ರೆ ತೊಳೆದು ಬಂದವರು. ತೊಳೆಯುವವನಿಗೆ ಅಡುಗೆಯವನ ಗುಟ್ಟೆಲ್ಲ ಗೊತ್ತಿರುತ್ತದೆ ಎಂಬುದು ಅವರ ಮಾತು. ನನಗೆ ಮೂಳೆ ಸಾರಿನದು, ಐಶ್ವರ್ಯಗೆ ತರಕಾರಿಯದು ಎಂದು ಎರಡು ಬಟ್ಟಲು ತಂದಿಟ್ಟರು. ಮೊದಲ ಗುಟುಕಿಗೇ ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಸಾರು ಅಂದರೆ ಸಾರು! ಆದರೆ ಎಳೆ ಎತ್ತಿದರೆ ಅರ್ಧಕ್ಕೇ ಕಡಿದು ಬಿತ್ತು. ಪಟ್ಟಿ ಹಳದಿಯಾಗಿಯೇ ಇತ್ತು.

ನಾನು ಪಟ್ಟಿ ತೋರಿಸಿದೆ. ಬುರ್ಹಾನುದ್ದೀನ್ ಚಾಚಾ ಬೇಜಾರು ಮಾಡಿಕೊಳ್ಳಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಖುಷಿಪಟ್ಟರು.

"ಸಹೀ ಹೇಳ್ತದವ್ವ ನಿನ್ನ ಕಾಗದ. ಶೋರ್ವಾ ನಂದು ಪಕ್ಕಾ ಅದ, ಸೇವಯಾಂ, ಅಂದ್ರ ನಿಮ್ಮ ಶಾವಿಗಿ, ಕಚ್ಚಾ ಅದ. ನಮ್ಮ ಉಸ್ತಾದ್ ಹಿಟ್ಟಿಗಿ ಖಾರದ ನೀರು ಹಾಕ್ತಿದ್ದ. ನೀವು ಹಪ್ಪಳಕ್ಕ ಪಾಪಡಖಾರ ಹಾಕ್ತೀರಲ್ಲ, ಅಂಥಾದ್ದು. ನಾನು ಹಾಕಿ ನೋಡೀನಿ, ಒಮ್ಮಿ ಕಹಿ ಆಗ್ತದ, ಒಮ್ಮಿ ಸಾಬೂನು ವಾಸ್ನಿ ಬರ್ತದ. ಖಾರ ನೀರಿನ್ಯಾಗ ಹುಟ್ಟಿಂದಽ ಇರಬೇಕು, ಮ್ಯಾಲ ಹಾಕಿದ್ರ ನಡಿಯಂಗಿಲ್ಲ." ಮತ್ತೆ ಬೆರಳೆತ್ತಿ ಹೇಳಿದರು: "ಇನ್ನೊಂದು ಮಾತು. ಸೇವಯಾಂ ನೀರಿಗಿ ಬಿದ್ದ ಮ್ಯಾಲ ಯಾರಿಗೂ ಕಾಯಂಗಿಲ್ಲ. ಉಣ್ಣೋರು ಬಂದು ಕುಂತ ಮ್ಯಾಲಽ ಹಾಕಬೇಕು."

ಚಾಚಾನ ಖಾರವೆಂದರೆ ನನ್ನ ಕ್ಷಾರ. ನೀರಿನಲ್ಲಿ ಹುಟ್ಟಿನಿಂದ ಇರುವ ಕ್ಷಾರ! ನಾನು ಬೆಂಚಿನಿಂದ ಎದ್ದೇಬಿಟ್ಟೆ.

ನಮ್ಮ ಕೇರಿಯ ಬೋರಿನ ನೀರು ಸವಳು, ಕ್ಷಾರ ತುಂಬಿದ್ದು. ಊರಲ್ಲಿ ಬೋರು ಹೊಡೆದಾಗ ಸಿಹಿನೀರು ಸಿಕ್ಕ ಜಾಗಗಳೆಲ್ಲ ಮೇಲಿನ ಓಣಿಗಳಿಗೆ ಹೋದವು, ಸವಳು ನಮ್ಮ ಪಾಲಿಗೆ ಬಂತು. ಹೇಗೆ ಹೋದವು, ಯಾಕೆ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ನೀರಲ್ಲಿ ಚಹಾ ಕೆಡುತ್ತದೆ, ಅನ್ನ ಹಳದಿಯಾಗುತ್ತದೆ, ತಪೇಲಿಗೆ ಬಿಳಿ ಸುಣ್ಣ ಕಟ್ಟುತ್ತದೆ. ನಮ್ಮವ್ವ ಶೇಖಮ್ಮ ಪ್ರತಿ ಬೇಸಿಗೆಯಲ್ಲಿ ಆ ನೀರನ್ನೇ ಕುದಿಸಿ ಅರ್ಧಕ್ಕಿಳಿಸಿ, ಆರಿಸಿ, ಅದರಲ್ಲೇ ಹಿಟ್ಟು ನಾದಿ ಶಾವಿಗೆ ಹೊಸೆಯುತ್ತಾಳೆ. ಹಾಸಿದ ಸೀರೆಯ ಮೇಲೆ ಹಳದಿ ಕೂದಲಿನಂತೆ ಒಣಗುವ ಆ ಶಾವಿಗೆಯನ್ನು ಹುಟ್ಟಿದಾಗಿನಿಂದ ನೋಡಿದ ನಾನು, ಕ್ಷಾರ ಹುಡುಕಲು ಮೂರು ಊರು ತಿರುಗಿದೆ. ವಿಜ್ಞಾನದ ಟೀಚರಂತೆ ನಾನು!

"ಐಶೂ, ನಮ್ಮವ್ವನ ಶಾವಿಗಿ!" ಎಂದೆ. "ನಿಮ್ಮ ಮನ್ಯಾಗಽ ಅದಾವಲ್ಲ. ಯುಗಾದಿಗಿ ಕೊಟ್ಟಿದ್ನಲ್ಲ? ತಗೊಂಡು ಬಾ, ಪರೀಕ್ಷಾ ಮಾಡೂಣು."

ಮೂರು ವರ್ಷಗಳಿಂದ ಪ್ರತಿವರ್ಷ ಅವ್ವ ಅವರ ಮನೆಗೊಂದು ಗಂಟು ಶಾವಿಗೆ ಕಳಿಸುತ್ತಾಳೆ. ನಮ್ಮಲ್ಲಿ ಒಣ ಪದಾರ್ಥ ಯಾರ ಮನೆಯಿಂದ ಯಾರ ಮನೆಗಾದರೂ ಹೋಗಬಹುದು. ಒಲೆ ಏರಿದ ಮೇಲೆಯೇ ಅದಕ್ಕೆ ಜಾತಿ ಬರುವುದು. ಇದು ಯಾವ ರಸಾಯನಶಾಸ್ತ್ರವೋ, ಎಂ.ಎಸ್ಸಿ.ಯಲ್ಲಿ ನನಗೆ ಯಾರೂ ಕಲಿಸಲಿಲ್ಲ.

ಐಶ್ವರ್ಯ ಬಟ್ಟಲಿನಲ್ಲೇ ಕಣ್ಣಿಟ್ಟಿದ್ದಳು. "ಖಾಲಿ ಆಗ್ಯಾವೋ ಏನೋ. ನೋಡ್ತೀನಿ," ಎಂದಳು.

ಮರುದಿನ ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳು ನನ್ನ ಮೇಜಿನ ಮೇಲೆ ಚೀಲ ಇಟ್ಟಳು. ಒಳಗೆ ಒಂದಲ್ಲ, ಮೂರು ಗಂಟು. ಅವ್ವ ಹಳೇ ಸೀರೆ ಹರಿದು ಗಂಟು ಕಟ್ಟುತ್ತಾಳೆ. ಆ ವರ್ಷದ್ದು ನೀಲಿ, ಹೋದ ವರ್ಷದ್ದು ಹಸಿರು, ಅದರ ಹಿಂದಿನದು ಹೂವಿನದು. ಮೂರಕ್ಕೂ ಅವ್ವ ಹಾಕಿದ ಗಂಟು ಹಾಗೇ ಇತ್ತು.

"ಅಮ್ಮ ಹಿತ್ತಲ ಕಪಾಟಿನ್ಯಾಗ ಇಟ್ಟಿದ್ಲು," ಎಂದಳು ಐಶ್ವರ್ಯ. ದನಿ ಕೆಳಗಿತ್ತು. "ಚೆಲ್ಲಿಲ್ಲ. ಅಡಗೀನೂ ಮಾಡಿಲ್ಲ."

"ಮತ್ತ ನೀ?"

"ಗೊತ್ತಿತ್ತು ನನಗ. ಯಾಕ ಮಾಡಿಲ್ಲ ಅಂತ ಒಮ್ಮೀನೂ ಕೇಳಿಲ್ಲ."

"ಭಾಳ ಛಲೋ ಆಗಿದ್ವು ಅಂತ ನಮ್ಮವ್ವನ ಮುಂದ ಹೇಳ್ತಿದ್ಯಲ್ಲ ಪ್ರತಿ ವರ್ಷ? ಅಕಿ ಅದನ್ನ ಕೇರಿ ತುಂಬ ಹೇಳ್ಕೊಂಡು ತಿರಗ್ತಾಳ, ಗೊತ್ತದೇನ ನಿನಗ?"

ಉತ್ತರ ಕೇಳಲು ನಾನು ನಿಲ್ಲಲಿಲ್ಲ. ಚೀಲ ಎತ್ತಿಕೊಂಡು ಪ್ರಯೋಗಶಾಲೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ ಕೂಡ, ಮುಚ್ಚಿಡುವುದೇನಿದೆ. ಅತ್ತು ಮುಗಿದ ಮೇಲೆ ಕೈ ಸುಮ್ಮನಿರಬೇಕಲ್ಲ. ನೀಲಿ ಗಂಟು ಬಿಚ್ಚಿ, ಚಿಟಿಕೆ ಶಾವಿಗೆ ನೆನೆಹಾಕಿ, ಪಟ್ಟಿ ಒತ್ತಿದೆ. ಕುಂಕುಮದಂತೆ ಕೆಂಪಾಯಿತು. ಐದಕ್ಕೆ ಐದು. ಅಷ್ಟು ಸಿಟ್ಟಿನಲ್ಲೂ ಒಂದು ಕ್ಷಣ ಕುಣಿಯುವಂತಾಯಿತು ನನಗೆ, ಹಾಳಾದ ಬುದ್ಧಿ!

ನಾಲ್ಕು ದಿನ ಮಾತಿಲ್ಲ. ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ಶನಿವಾರ ಮಧ್ಯಾಹ್ನ ಅವಳೇ ಹಿಂದಿನ ಸೀಟಿಗೆ ಬಂದಳು.

"ನಾಳಿ ಮಸರಕಲ್ಲಿಗಿ ಹೊಂಟೀಯಂತಲ್ಲ. ನಾನೂ ಬರ್ಲೇನ?"

"ಬಸ್ಸು ಯಾರಪ್ಪಂದೂ ಅಲ್ಲ. ಬರೋರು ಬರಬಹುದು," ಎಂದೆ.

ಬಂದಳು. ನಾನು ಅವ್ವನಿಗೆ ಫೋನಿನಲ್ಲಿ ಹುರಳಿ ಕಟ್ಟು ಕಾಸಿಡಲು ಹೇಳಿದ್ದೆ. ಹುರಳಿ ಬೇಯಿಸಿ ಬಸಿದ ಗಟ್ಟಿ ನೀರಿಗೆ ಬೆಳ್ಳುಳ್ಳಿ, ಸುಟ್ಟ ಉಳ್ಳಾಗಡ್ಡಿ, ಕೊಬ್ಬರಿ ಅರೆದು ಹಾಕಿ ಅವ್ವ ಮಾಡುವ ಸಾರಿನ ಮುಂದೆ ಬುರ್ಹಾನುದ್ದೀನ್ ಚಾಚಾ ಕೂಡ ತಲೆಬಾಗಬೇಕು. "ಜಪಾನದವ್ರೂ ನಮ್ಮಂಗ ಬುದ್ಧನ ಮಂದಿ ಅಂತಾರಲ್ಲ, ಅವರ ಊಟ ನಮಗ ಬರಂಗಿಲ್ಲೇನು?" ಎಂದು ಅವ್ವ ಫೋನಿನಲ್ಲೇ ನಕ್ಕಿದ್ದಳು. ಗಂಟುಗಳ ಸುದ್ದಿ ನಾನು ಹೇಳಿರಲಿಲ್ಲ.

ಐಶ್ವರ್ಯಳನ್ನು ಬಾಗಿಲಲ್ಲಿ ಕಂಡದ್ದೇ ಅವ್ವ, "ಬರ್ರಿ ಟೀಚರಮ್ಮ, ಕುಂದರ್ರಿ," ಎಂದು ಖುರ್ಚಿ ಒರೆಸಿ, ಸೆರಗಿಗೆ ಕೈ ಒತ್ತಿಕೊಂಡು ಅಂಗಡಿಗೆ ಹೊರಟಳು. ಇದು ಅವ್ವನ ಪದ್ಧತಿ. ಮೇಲಿನ ಓಣಿಯವರು ಯಾರೇ ಬರಲಿ, ಮುಚ್ಚಳ ಒಡೆಯದ ತಂಪು ಪಾನೀಯದ ಶೀಸೆಯೊಂದನ್ನು ತಂದು ಅವರ ಮುಂದಿಡುವುದು. ಮನೆಯ ನೀರನ್ನು ಕೊಟ್ಟು ಅವರನ್ನು ಪೇಚಿಗೆ ಸಿಕ್ಕಿಸುವುದು ಬೇಡ, ಬೇಡ ಅನ್ನಿಸಿಕೊಳ್ಳುವುದು ತನಗೂ ಬೇಡ.

"ಯವ್ವಾ, ಶೀಸಾ ಬ್ಯಾಡ್ರಿ," ಎಂದಳು ಐಶ್ವರ್ಯ. "ಹಸಿವ್ಯಾಗ್ಯಾದ. ಉಣ್ಣಾಕ ಬಂದೀನಿ."

ಅವ್ವ ಹೊಸ್ತಿಲಲ್ಲೇ ನಿಂತಳು. ನನ್ನನ್ನು ನೋಡಿದಳು, ಅವಳನ್ನು ನೋಡಿದಳು. ಒಳಗೆ ಹೋದಳು. ನಾವಿಬ್ಬರೂ ಹಿಂದೆಯೇ ಹೋಗಿ ಒಲೆಯ ಮುಂದೆ ಚಾಪೆಯ ಮೇಲೆ ಕೂತೆವು. ಒಂದು ಪಾತ್ರೆಯಲ್ಲಿ ಸಾರು, ಇನ್ನೊಂದರಲ್ಲಿ ನೀರು ಕುದಿಯುತ್ತಿತ್ತು. ಎರಡು ಬಟ್ಟಲಿಗೆ ಉಳ್ಳಾಗಡ್ಡಿ ತಪ್ಪಲು, ಗುರೆಳ್ಳು ಪುಡಿ ಹಾಕಿಟ್ಟಿದ್ದಾಯಿತು. ಅವ್ವ ಡಬ್ಬಿಯಿಂದ ಒಂದು ಹಿಡಿ ಶಾವಿಗೆ ತೆಗೆದು ಪಾತ್ರೆಯ ಮೇಲೆ ಹಿಡಿದಳು. ಹಿಡಿದವಳು ಬಿಡಲಿಲ್ಲ.

"ಟೀಚರಮ್ಮ, ಮನ್ಯಾಗ ಹೇಳಿ ಬಂದೀರೇನ್ರಿ?"

"ಇಲ್ರಿ. ಸಾಲ್ಯಾಗ ಮೀಟಿಂಗ್ ಅದ ಅಂತ ಹೇಳಿ ಬಂದೀನಿ."

"ಹಂಗಾದ್ರ ಹೆಂಗ್ರಿ? ಕದ್ದು ಉಣ್ಣಾಕ ನನ್ನ ಅಡಗಿ ಏನು ಕಳವಿನ ಮಾಲೇನ್ರಿ?"

ಅವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಬದನೆಕಾಯಿಯ ದರ ಕೇಳುವಷ್ಟೇ ಸಹಜವಾಗಿ ಕೇಳಿದಳು. ಆರು ವರ್ಷ ನಾನು ಕಾದದ್ದು ಈ ಹೊತ್ತಿಗೆ, ಅವ್ವ ಕೈಗೆ ಬಂದ ತುತ್ತನ್ನು ತಳ್ಳುತ್ತಿದ್ದಾಳೆ!

"ಅವ್ವಾ..." ಎಂದೆ.

"ನೀ ಸುಮ್ಕಿರು. ಆರು ವರ್ಷ ಶೀಸಾ ಕೊಟ್ಟವಳು ನಾನು, ನೀ ಅಲ್ಲ."

ನೀರು ಕೊತಕೊತ ಕುದಿಯುತ್ತಿತ್ತು. ಹಬೆ ಅವ್ವನ ಮುಷ್ಟಿಗೆ ಬಡಿಯುತ್ತಿದ್ದರೂ ಅವಳು ಕೈ ಹಿಂದೆ ತೆಗೆಯಲಿಲ್ಲ. ಐಶ್ವರ್ಯ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಚೀಲದಿಂದ ಫೋನು ತೆಗೆದು, ಹಚ್ಚಿ, ಕಿವಿಗಿಟ್ಟುಕೊಂಡಳು. ಅಡುಗೆಮನೆ ಸಣ್ಣದು. ಅವಳಮ್ಮ ಶರಣಮ್ಮನವರ ದನಿ ನಮಗೂ ಕೇಳುತ್ತಿತ್ತು.

"ಮೀಟಿಂಗ್ ಮುಗೀತೇನ?"

"ಮೀಟಿಂಗ್ ಇರ್ಲಿಲ್ಲ ಅಮ್ಮ. ಸುಳ್ಳ ಹೇಳೀನಿ. ಮಸರಕಲ್ಲಿನ್ಯಾಗ ಮೌನೇಶ್ವರಿ ಮನ್ಯಾಗ ಅದೀನಿ. ಊಟಕ್ಕ ಕುಂತೀನಿ."

ಅವರ ಮನೆಯ ಮಿಕ್ಸಿ ತಿರುಗುತ್ತಿದ್ದದ್ದು ನಿಂತಿತು.

"ಅವರ ಮನ್ಯಾಗಾ?"

"ಹೂಂ. ಶಾವಿಗಿ ಮಾಡ್ಯಾರ. ನೀ ಗಂಟು ಬಿಚ್ಚದಽ ಇಟ್ಟಿದ್ದಿಯಲ್ಲ, ಅಂಥಾವಽ."

ಅವ್ವನ ಮುಖ ನೋಡಿದೆ. ಗಂಟಿನ ಸುದ್ದಿ ಅವಳಿಗೆ ತಿಳಿದದ್ದು ಆಗಲೇ. ಕಣ್ಣು ಒಮ್ಮೆ ಮುಚ್ಚಿ ತೆರೆದಳು. ಹಿಡಿದ ಮುಷ್ಟಿ ಬಿಗಿಯಾಗಿ ಎರಡು ಎಳೆ ಮುರಿದು ಒಲೆಕಟ್ಟೆಗೆ ಬಿದ್ದವು.

"ನಿಮ್ಮಪ್ಪಗ ಹೇಳಬ್ಯಾಡ," ಎಂದರು ಶರಣಮ್ಮ.

"ಸಂಜಿಕ ಬಂದು ನಾನಽ ಹೇಳ್ತೀನಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಐಶ್ವರ್ಯ ಫೋನನ್ನು ಚೀಲಕ್ಕೆ ಹಾಕಿದಳು. ಅವ್ವ ಅವಳನ್ನೇ ಒಂದು ಗಳಿಗೆ ನೋಡಿ, ಮುಷ್ಟಿ ಬಿಚ್ಚಿದಳು. ಶಾವಿಗೆ ನೀರಿಗೆ ಬಿತ್ತು.

ಆಮೇಲೆ ಎಲ್ಲ ಎರಡು ನಿಮಿಷದ ಕೆಲಸ. ಬಸಿದು, ಬಟ್ಟಲಿಗೆ ಹಾಕಿ, ಮೇಲೆ ಕುದಿಯುವ ಕಟ್ಟು ಹೊಯ್ದು ಅವ್ವ ನಮ್ಮ ಮುಂದಿಟ್ಟಳು. ಕಡ್ಡಿ ಇರಲಿಲ್ಲ. ಐಶ್ವರ್ಯ ಫೋರ್ಕಿನಿಂದ ಹಣೆಯ ಮಟ್ಟಕ್ಕೆ ಎಳೆ ಎತ್ತಿದಳು. ಕಡಿಯಲಿಲ್ಲ. ಹಳದಿಯಾಗಿ, ಹೊಳೆಯುತ್ತ, ಜಗ್ಗಿದಷ್ಟೂ ಜಗ್ಗಿತು. ಸೊರ್ ಎಂದು ಎಳೆದುಕೊಂಡಳು. ಮೂಗಿನಲ್ಲಿ ನೀರು, ಕಣ್ಣಲ್ಲಿ ನೀರು, ಎಲ್ಲವೂ ಸಾರಿನ ಖಾರದ್ದೇ ಎಂದು ಹೇಳಲಾರೆ. ನಾನು ಉಣ್ಣುವುದು ಬಿಟ್ಟು ಅವಳ ಬಾಯನ್ನೇ ನೋಡುತ್ತಿದ್ದೆ. ಅವ್ವನೂ ನೋಡುತ್ತಿದ್ದಳು.

ನಮ್ಮ ಕಡೆ ಇನ್ನೊಬ್ಬರ ಮನೆಗೆ ಉಣ್ಣಲು ಹೋದವರು ಅಡುಗೆಯಲ್ಲಿ ತಪ್ಪು ತೆಗೆಯುವುದಿಲ್ಲ. ಸಪ್ಪಗಿದ್ದರೂ, ಸೀದಿದ್ದರೂ ಭಾಳ ಛಲೋ ಆಗ್ಯಾದ್ರಿ ಎಂದು ಉಂಡು, ಕೈ ತೊಳೆದು ಎದ್ದುಬರುತ್ತಾರೆ.

ಐಶ್ವರ್ಯ ಅರ್ಧ ಬಟ್ಟಲು ಮುಗಿಸಿ, ಮೂಗು ಒರೆಸಿಕೊಂಡು, ತಲೆ ಎತ್ತಿದಳು.

"ಯವ್ವಾ, ಉಪ್ಪು ಕಡಿಮಿ ಆಗ್ಯಾದ."

ಅವ್ವ ಉಪ್ಪಿನ ಡಬ್ಬಿಯನ್ನು ನೆಲದ ಮೇಲೆ ಅವಳ ಕಡೆಗೆ ಜಾರಿಸಿದಳು.

"ಹಾಕ್ಕೋ ಮತ್ತ," ಎಂದಳು. "ನಿನಗೇನು ಕೈ ಇಲ್ಲೇನ?"